ಆರು ಡಾಲರಿನ ಗ್ರಹ

ಹಳೆಯ ಪೋಸ್ಟ್‌ಕಾರ್ಡೊಂದರ ಚಿತ್ರ ಬಹಳ ದಿನಗಳಿಂದ ನನ್ನ ತಲೆಯಲ್ಲಿ ಕೂತಿದೆ. ರಾತ್ರಿ ಹೊತ್ತಿನ ಚಿತ್ರ. ರಸ್ತೆ ಬದಿಯಲ್ಲಿ ಹಿಂಬದಿಗೆ ಮೀನಿನ ರೆಕ್ಕೆ ಮೂಡಿದಂಥ ಆ ಕಾಲದ ಅಮೆರಿಕನ್ ಕಾರುಗಳು. ಅವುಗಳ ಹಿಂದೆ, ಕಟ್ಟಡದ ಮುಖವನ್ನು ಈ ತುದಿಯಿಂದ ಆ ತುದಿಯವರೆಗೆ ನುಂಗಿಕೊಂಡು, ಒಂದು ಬ್ರಹ್ಮಾಂಡ. ನಡುವೆ ಭೂಮಿ, ಸುತ್ತ ಗ್ರಹಗಳು, ಚೂಪು ಚೂಪಾದ ಕಿರಣಗಳು. ಇವೆಲ್ಲದರ ಮೇಲೆ, ಆಗಷ್ಟೇ ಸಿಡಿದು ಹೋಳಾದಂತೆ ಕಾಣುವ ಅಕ್ಷರಗಳಲ್ಲಿ ಹೋಟೆಲಿನ ಹೆಸರು: ಸ್ಟಾರ್‌ಡಸ್ಟ್. ನಕ್ಷತ್ರದ ಧೂಳು.

ಊರು ಲಾಸ್ ವೇಗಸ್. ನೋಡಿದರೆ ನಗು ಬರಬೇಕು, ಬರುತ್ತದೆ ಕೂಡ. ತಗಡು, ಪ್ಲಾಸ್ಟಿಕ್ಕು, ಬಲ್ಬು. ಜಾತ್ರೆಯ ತೊಟ್ಟಿಲಿಗೆ ಕಟ್ಟಿದ ದೀಪಗಳಿಗೂ ಇದಕ್ಕೂ ಅಳತೆಯಲ್ಲಿ ಬಿಟ್ಟರೆ ಬೇರೆ ವ್ಯತ್ಯಾಸವೇನೂ ಇಲ್ಲ. ಆದರೆ ನಗು ಮುಗಿದ ಮೇಲೂ ಕಣ್ಣು ಅಲ್ಲಿಂದ ಏಳುವುದಿಲ್ಲ. ಅದೇಕೆ ಎಂಬುದೇ ನನ್ನನ್ನು ಕಾಡುವ ಪ್ರಶ್ನೆ.

ಸ್ಟಾರ್‌ಡಸ್ಟ್ ಬಾಗಿಲು ತೆರೆದದ್ದು 1958ರ ಜುಲೈ 2ರಂದು. ರಷ್ಯದ ಸ್ಪುಟ್ನಿಕ್ ಆಕಾಶಕ್ಕೆ ಏರಿ ಆಗ ಒಂಬತ್ತು ತಿಂಗಳಾಗಿತ್ತು. ಮೂರು ತಿಂಗಳು ಭೂಮಿಯನ್ನು ಸುತ್ತಿ ಅದು ಜನವರಿಯಲ್ಲೇ ಉರಿದುಹೋಗಿತ್ತು. ಅಮೆರಿಕದ ನಾಸಾ ಇನ್ನೂ ಹುಟ್ಟಿರಲಿಲ್ಲ. ಅದನ್ನು ಸ್ಥಾಪಿಸುವ ಕಾನೂನಿಗೆ ಅಧ್ಯಕ್ಷರ ಸಹಿ ಬಿದ್ದದ್ದು ಅದೇ ಜುಲೈ 29ಕ್ಕೆ, ಕೆಲಸ ಶುರುವಾದದ್ದು ಅಕ್ಟೋಬರ್ 1ಕ್ಕೆ. ಅಂದರೆ ಆ ದೇಶದ ಸರ್ಕಾರ ತನ್ನ ಬಾಹ್ಯಾಕಾಶ ಸಂಸ್ಥೆಯ ಬೋರ್ಡು ಬರೆಸುವುದಕ್ಕೆ ಮೊದಲೇ ಅಲ್ಲಿನ ಜೂಜುಕೋರರು ತಮ್ಮ ಬಾಹ್ಯಾಕಾಶದ ಬೋರ್ಡು ಬರೆಸಿ, ದೀಪ ಹಾಕಿ, ಬಾಡಿಗೆ ವಸೂಲಿ ಶುರು ಮಾಡಿದ್ದರು.

ಬೋರ್ಡನ್ನು ಕಲ್ಪಿಸಿದವನು ಯಂಗ್ ಎಲೆಕ್ಟ್ರಿಕ್ ಸೈನ್ ಕಂಪನಿಯ ಕರ್ಮಿಟ್ ವೇಯ್ನ್. ಉದ್ದ 216 ಅಡಿ, ಎತ್ತರ 27 ಅಡಿ. ನಡುವಿನ ಭೂಗೋಳದ ಅಡ್ಡಳತೆಯೇ 16 ಅಡಿ. ನಿಯಾನ್ ಕೊಳವೆ 7,100 ಅಡಿ, ಬಲ್ಬು 11,000ಕ್ಕೂ ಮಿಕ್ಕಿ; ಎಸ್ ಎಂಬ ಮೊದಲಕ್ಷರವೊಂದಕ್ಕೇ 975. ಇಂಥ ಅಂಕಿಗಳನ್ನು ಓದುವಾಗ ನನಗೆ ಮೊದಲು ನೆನಪಾಗುವವನು ಏಣಿ ಹತ್ತಿ ಹೋಗುವ ಮನುಷ್ಯ. ಹನ್ನೊಂದು ಸಾವಿರ ಬಲ್ಬುಗಳಲ್ಲಿ ದಿನಾ ಒಂದಿಷ್ಟು ಸುಟ್ಟುಹೋಗಲೇಬೇಕಲ್ಲ? ಗುರುವನ್ನೋ ಶನಿಯನ್ನೋ ತಿರುಪು ಬಿಚ್ಚಿ ಕೆಳಗಿಳಿಸಿ, ಹೊಸದನ್ನು ಹಾಕಿ, ಕೈ ಒರೆಸಿಕೊಂಡು ಊಟಕ್ಕೆ ಹೋಗುವ ಕೆಲಸ ಅವನದು. ವಿಶ್ವವನ್ನು ಅಷ್ಟು ಹತ್ತಿರದಿಂದ ಕಂಡವನಿಗೆ ಬೆರಗು ಉಳಿದಿರುತ್ತದೆಯೇ, ಅಥವಾ ಅವನಿಗೇ ಎಲ್ಲರಿಗಿಂತ ಹೆಚ್ಚು ಉಳಿದಿರುತ್ತದೆಯೇ?

ಈ ಬ್ರಹ್ಮಾಂಡದ ಹಿಂದೆ ಇದ್ದದ್ದು ಮಾತ್ರ ತೀರ ಸಾಧಾರಣ ಸಂಗತಿ. ಮರಳುಗಾಡಿನಲ್ಲಿ ಎರಡಂತಸ್ತಿನ ಉದ್ದುದ್ದ ಕಟ್ಟಡಗಳು, ಸಾಲಾಗಿ ಬಾಗಿಲುಗಳು, ಕಾರು ನಿಲ್ಲಿಸಲು ವಿಶಾಲ ಜಾಗ. ಹೆದ್ದಾರಿ ಪಕ್ಕದ ಮೋಟೆಲನ್ನೇ ಸಾವಿರಕ್ಕೂ ಮಿಕ್ಕ ಕೋಣೆಗಳವರೆಗೆ ಎಳೆದಂತೆ. ಅಂದಿನ ಲಾಸ್ ವೇಗಸ್‌ನಲ್ಲಿ ಅಷ್ಟು ದೊಡ್ಡ ಹೋಟೆಲು ಇನ್ನೊಂದಿರಲಿಲ್ಲ. ಬಾಡಿಗೆ ಆರು ಡಾಲರಿನಿಂದ ಶುರು. ಶ್ರೀಮಂತರ ಅರಮನೆಗಳ ನಡುವೆ ಸಾಮಾನ್ಯ ಸಂಬಳದವರಿಗೆಂದು ಹುಟ್ಟಿದ ಜಾಗ ಅದು. ಲಾಸ್ ಏಂಜಲೀಸ್‌ನಿಂದ 91ನೇ ನಂಬರಿನ ಹೆದ್ದಾರಿಯಲ್ಲಿ ಇಡೀ ದಿನ ಬಿಸಿಲು ತಿಂದು ಬಂದ ಸಂಸಾರ ಅಲ್ಲಿ ಕಾರು ನಿಲ್ಲಿಸಿ, ಬೀಗದ ಕೈ ಪಡೆದು, ತಮ್ಮ ಕಟ್ಟಡದ ಕಡೆಗೆ ನಡೆಯುತ್ತಿತ್ತು. ಆ ಕಟ್ಟಡಗಳಿಗೆ ಇಟ್ಟಿದ್ದ ಹೆಸರುಗಳು ಗ್ರಹಗಳವು.

ಇಲ್ಲಿ ಕನ್ನಡದ ಓದುಗನೊಬ್ಬ ತಡೆದು ನಿಲ್ಲದೆ ಇರಲಾರ. ನಮ್ಮ ಮಾತಿನಲ್ಲಿ ಗ್ರಹ ಎಂದರೆ ಬರಿಯ ದೂರದ ಗೋಳವಲ್ಲ, ಹಿಡಿದುಕೊಳ್ಳುವಂಥದ್ದು. ಗ್ರಹಗತಿ, ಗ್ರಹಚಾರ, ಗ್ರಹ ಬಡಿಯುವುದು – ಎಲ್ಲದರಲ್ಲೂ ಆ ಹಿಡಿತವಿದೆ. ರಾತ್ರಿಯಿಡೀ ದಾಳ ಉರುಳಿಸಿ, ಜೇಬು ಬರಿದು ಮಾಡಿಕೊಂಡು, ಬೆಳಗಿನ ಜಾವ ತನ್ನ ಗ್ರಹಕ್ಕೆ ಮಲಗಲು ಹೋದವನ ಸ್ಥಿತಿಯನ್ನು ಹೇಳಲು ಇಂಗ್ಲಿಷಿನವರು ನಾಲ್ಕು ಸಾಲು ಬರೆಯಬೇಕು. ನಮಗೆ ಒಂದೇ ಪದ ಸಾಕು.

ಇನ್ನು ಇದನ್ನು ಕಟ್ಟಲು ಹೊರಟವನ ಕಥೆ. ಟೋನಿ ಕಾರ್ನೆರೊ ಮದ್ಯಪಾನ ನಿಷೇಧದ ಕಾಲದಲ್ಲಿ ಕಳ್ಳಸಾಗಣೆ ಮಾಡಿ ದುಡ್ಡು ಕಂಡವನು. 1938ರಲ್ಲಿ ಕ್ಯಾಲಿಫೋರ್ನಿಯದ ಸ್ಯಾಂಟಾ ಮೋನಿಕಾದ ಎದುರು, ದಡದಿಂದ ಮೂರು ಮೈಲಿ ಆಚೆ, ರೆಕ್ಸ್ ಎಂಬ ಹಡಗಿಗೆ ಲಂಗರು ಹಾಕಿಸಿದ. ಹಡಗಿನ ತುಂಬ ಜೂಜಿನ ಮೇಜುಗಳು. ಮೂರು ಮೈಲಿ ದಾಟಿದರೆ ರಾಜ್ಯದ ಕಾನೂನಿನ ಕೈ ಅಲ್ಲಿಗೆ ನಿಲುಕದು ಎಂಬ ಲೆಕ್ಕ. ಜನ ಸಣ್ಣ ದೋಣಿಗಳಲ್ಲಿ ಹೋಗಿ ಸೋತು ಬರುತ್ತಿದ್ದರು. ಮರುವರ್ಷ ರಾಜ್ಯದ ಅಟಾರ್ನಿ ಜನರಲ್ ಆಗಿದ್ದ ಅರ್ಲ್ ವಾರೆನ್ ದಾಳಿ ಮಾಡಿಸಿದಾಗ ಹಡಗಿನವರು ಬೆಂಕಿ ಆರಿಸುವ ಪೈಪುಗಳಿಂದ ಪೊಲೀಸರ ಮೇಲೆ ನೀರು ಹಾರಿಸಿ ಕೆಲವು ದಿನ ತಡೆದರು. ಇದೇ ವಾರೆನ್ ಮುಂದೆ ಅಮೆರಿಕದ ಮುಖ್ಯ ನ್ಯಾಯಮೂರ್ತಿಯಾದರು.

ಸಮುದ್ರ ಮುಗಿದ ಮೇಲೆ ಕಾರ್ನೆರೊ ಮರಳುಗಾಡಿಗೆ ಬಂದ. ಲಾಸ್ ವೇಗಸ್ ಇರುವ ನೆವಾಡ ರಾಜ್ಯ 1931ರಿಂದಲೇ ಜೂಜನ್ನು ಕಾನೂನುಬದ್ಧ ಮಾಡಿತ್ತು. ಆದರೆ ಅವನ ಹಿನ್ನೆಲೆ ನೋಡಿ ಅವನಿಗೆ ಮಾತ್ರ ಪರವಾನಗಿ ಕೊಡಲಿಲ್ಲ. ಅಷ್ಟರಲ್ಲಿ ಷೇರು ಮಾರಿ, ಜಾಗ ಹಿಡಿದು, ಗೋಡೆ ಎಬ್ಬಿಸಿದ್ದ. 1955ರ ಜುಲೈ 31ರಂದು, ರಸ್ತೆಯಾಚೆಯ ಡೆಸರ್ಟ್ ಇನ್ ಹೋಟೆಲಿನಲ್ಲಿ ದಾಳ ಆಡುತ್ತ ಆಡುತ್ತಲೇ ಕುಸಿದು ಸತ್ತ. ಅರ್ಧಕ್ಕೆ ನಿಂತ ಕಟ್ಟಡವನ್ನು ಮುಗಿಸಲು ದುಡ್ಡು ಹಾಕಿದವನು ಜಾನ್ ಫ್ಯಾಕ್ಟರ್. ಅಡ್ಡಹೆಸರು ಜೇಕ್ ದ ಬಾರ್ಬರ್. ಮುಖಕ್ಕೆ ಹಚ್ಚುವ ಬಣ್ಣಗಳಿಗೆ ಲೋಕಪ್ರಸಿದ್ಧನಾದ ಮ್ಯಾಕ್ಸ್ ಫ್ಯಾಕ್ಟರನ ಮಲತಮ್ಮ. ಒಬ್ಬ ಮುಖಗಳಿಗೆ ಹೊಳಪು ಹಚ್ಚಿದ, ಇನ್ನೊಬ್ಬ ಮರಳಿಗೆ.

ಕಾರ್ನೆರೊನ ಜೀವನದಲ್ಲಿ ನನ್ನ ಕುತೂಹಲ ಕೆರಳಿಸುವುದು ಅವನ ಅಪರಾಧಗಳಲ್ಲ, ಅವನ ಭೂಗೋಳ. ಅವನಿಗೆ ಯಾವಾಗಲೂ ಗಡಿಯಿಂದ ಒಂದು ಹೆಜ್ಜೆ ಆಚೆ ಇರಬೇಕಿತ್ತು. ಮೊದಲು ದಡದಾಚೆ, ಆಮೇಲೆ ರಾಜ್ಯದಾಚೆ. ಹೋಟೆಲುಗಳು ಸಾಲುಗಟ್ಟಿದ ಸ್ಟ್ರಿಪ್ ಎಂಬ ಆ ರಸ್ತೆ ಕೂಡ ಲಾಸ್ ವೇಗಸ್ ನಗರದ ಎಲ್ಲೆಯ ಹೊರಗೇ ಇದೆ. ಊರಿನ ಹೆಸರು ಹೊತ್ತು ಊರಿನಲ್ಲಿ ಇಲ್ಲದ ರಸ್ತೆ. ಹೋಟೆಲಿಗೆ ನಕ್ಷತ್ರದ ಹೆಸರು ಸೂಚಿತವಾದದ್ದು ಕಾರ್ನೆರೊನ ಕಾಲದಲ್ಲೇ, ಸ್ಪುಟ್ನಿಕ್‌ಗಿಂತ ಮೊದಲೇ. ಜೂಜಿಗೆ ಒಂದು ‘ಹೊರಗು’ ಬೇಕು. ಮನೆ, ಸಂಬಳದ ದಿನ, ಸಾಲದ ಪುಸ್ತಕ, ಗಡಿಯಾರ – ಇವೆಲ್ಲ ಇಲ್ಲದ ಒಂದು ಕಡೆ. ಕಡಲು ಆಯಿತು, ಮರಳು ಆಯಿತು, ಇನ್ನು ಉಳಿದದ್ದು ಆಕಾಶ. ಬೆರಗಿಗೂ ಅಂಥದೇ ಒಂದು ಹೊರಗು ಬೇಕಲ್ಲವೇ? ಎರಡೂ ಒಂದೇ ವಿಳಾಸದಲ್ಲಿ ಬಾಡಿಗೆಗಿದ್ದದ್ದು ಕಾಕತಾಳೀಯ ಎನ್ನಿಸುವುದಿಲ್ಲ.

ನಮ್ಮಲ್ಲಿ ಇದನ್ನು ಬಲ್ಲವರು ಬಹಳ ಹಿಂದೆಯೇ ಇದ್ದರು. ಮಹಾಭಾರತದಲ್ಲಿ ಮಯಸಭೆ ಬರುವುದೂ ಜೂಜು ಬರುವುದೂ ಒಂದೇ ಪರ್ವದಲ್ಲಿ. ನೀರೆಂದು ಬಟ್ಟೆ ಎತ್ತಿಕೊಂಡಲ್ಲಿ ನೆಲವಿತ್ತು, ನೆಲವೆಂದು ಕಾಲಿಟ್ಟಲ್ಲಿ ನೀರಿತ್ತು. ದುರ್ಯೋಧನ ಜಾರಿದ, ನಕ್ಕವರು ನಕ್ಕರು, ಹೊಟ್ಟೆಕಿಚ್ಚು ಹತ್ತಿತು, ದಾಳ ಹೊರಬಂತು. ಬಾಲ್ಯದಲ್ಲಿ ಆ ಕಥೆ ಕೇಳುವಾಗ ದ್ಯೂತದ ಭಾಗಕ್ಕಿಂತ ನನಗೆ ಮಯಸಭೆಯೇ ಇಷ್ಟ. ಕಟ್ಟಿದವನು ದಾನವ, ಕಟ್ಟಿಸಿಕೊಂಡವರ ಗತಿ ಏನಾಯಿತೆಂದು ಗೊತ್ತು. ಆದರೂ ಆ ನೆಲದ ಹೊಳಪು ಮನಸ್ಸಿನಿಂದ ಹೋಗುವುದಿಲ್ಲ. ಮೋಸ ಎಂದು ತಿಳಿದ ಮೇಲೂ ಹೋಗುವುದಿಲ್ಲ. ಪೋಸ್ಟ್‌ಕಾರ್ಡಿನ ಮುಂದೆ ನನ್ನ ಕಣ್ಣು ನಿಲ್ಲುವುದು ಬಹುಶಃ ಆ ಹಳೆಯ ಅಭ್ಯಾಸದಿಂದ.

ಹೋಟೆಲಿನ ಒಳಗಿನ ಆಟವಂತೂ ಮಾಯೆಯೇ ಅಲ್ಲ, ಶುದ್ಧ ಲೆಕ್ಕ. ಅಮೆರಿಕನ್ ರೂಲೆಟ್ ಚಕ್ರದಲ್ಲಿ 38 ಮನೆಗಳು. ಹಾಕಿದ ಅಂಕಿ ಬಿದ್ದರೆ ಒಂದಕ್ಕೆ 35 ಕೊಡುತ್ತಾರೆ. ಈ ಸಣ್ಣ ಬಿರುಕಿನಿಂದ ನೂರು ಡಾಲರಿನ ಆಟಕ್ಕೆ ಸರಾಸರಿ 5.26 ಡಾಲರ್ ಯಜಮಾನನ ಕಡೆಗೆ ಸೋರುತ್ತದೆ. ಒಂದು ಸುತ್ತಿನಲ್ಲಿ ಏನಾಗುತ್ತದೋ ಯಾರಿಗೂ ಗೊತ್ತಿಲ್ಲ. ಹತ್ತು ಲಕ್ಷ ಸುತ್ತಿನಲ್ಲಿ ಏನಾಗುತ್ತದೆಂದು ಸಂಜೆಯ ಗೋಧೂಳಿಯಂತೆ ಖಚಿತ. ಆಡುವವನು ಇದನ್ನು ಅದೃಷ್ಟ ಎನ್ನುತ್ತಾನೆ – ಕಾಣದ್ದು. ಆಡಿಸುವವನಿಗೆ ಅದು ಎದುರಿಗೇ ಕಾಣುತ್ತದೆ. ಸ್ಟಾರ್‌ಡಸ್ಟ್‌ನಲ್ಲಿ ಇದೂ ಸಾಲದೆಂದು, ಎಣಿಸುವ ಕೋಣೆಯಿಂದಲೇ ದುಡ್ಡು ಲೆಕ್ಕಕ್ಕೆ ಸಿಗದಂತೆ ಮಾಫಿಯಾದ ಕೈಗೆ ಹೋಗುತ್ತಿತ್ತು. 1983ರಲ್ಲಿ ಬಾಯ್ಡ್ ಕುಟುಂಬದ ಕಂಪನಿ ಬಂದು ಆಡಳಿತ ವಹಿಸಿಕೊಳ್ಳುವ ತನಕ ಆ ಕಾಟ ಮುಗಿಯಲಿಲ್ಲ. ಮಾರ್ಟಿನ್ ಸ್ಕೋರ್ಸೆಸಿಯ ‘ಕ್ಯಾಸಿನೊ’ ಸಿನಿಮಾ ಹೆಸರು ಬದಲಿಸಿ ಹೇಳಿದ್ದು ಈ ಹೋಟೆಲಿನ ಕಥೆಯನ್ನೇ. ಅದನ್ನು ನೋಡಿದವರಿಗೆ ನಾನು ಮತ್ತೆ ಹೇಳಬೇಕಾದ್ದಿಲ್ಲ.

ಒಂದು ವಿಷಯವನ್ನು ಮಾತ್ರ ಸಿನಿಮಾದವರಿಗೆ ಬಿಟ್ಟುಕೊಡಲಾರೆ. ಗ್ರಹಗಳ ಹೆಸರಿನ ಆ ಕೋಣೆಗಳು ತೆರೆದಾಗ ಸ್ಟ್ರಿಪ್ಪಿನ ಹೋಟೆಲುಗಳಲ್ಲಿ ಕಪ್ಪು ಜನರಿಗೆ ಕೋಣೆ ಕೊಡುತ್ತಿರಲಿಲ್ಲ. ವೇದಿಕೆಯ ಮೇಲೆ ಹಾಡಿ ಚಪ್ಪಾಳೆ ಗಿಟ್ಟಿಸಿದ ಕಲಾವಿದರೂ ಆಟ ಮುಗಿದ ಮೇಲೆ ರೈಲು ಹಳಿಯಾಚೆಯ ವೆಸ್ಟ್‌ಸೈಡ್‌ಗೆ ಹೋಗಿ ಮಲಗಬೇಕಿತ್ತು. ಪ್ರತಿಭಟನಾ ಮೆರವಣಿಗೆಯ ಬೆದರಿಕೆ ಹುಟ್ಟಿದ ಮೇಲೆ, 1960ರ ಮಾರ್ಚ್‌ನಲ್ಲಿ ಮೂಲಾಂ ರೂಜ್ ಹೋಟೆಲಿನಲ್ಲಿ ಮಾತುಕತೆಯಾಗಿ ಆ ಕಟ್ಟಳೆ ಬಿತ್ತು. ಅಲ್ಲಿಯವರೆಗೆ ಅಷ್ಟು ವಿಶಾಲವಾದ ಸೌರಮಂಡಲದಲ್ಲಿ ಅವರಿಗೆ ಮಾತ್ರ ಜಾಗವಿರಲಿಲ್ಲ.

ಈಗ ಆ ಹೆಸರಿಗೆ ಬರುತ್ತೇನೆ. ನಕ್ಷತ್ರದ ಧೂಳು ಎಂಬುದು ಜಾಹೀರಾತಿನ ಸಕ್ಕರೆ ಮಾತು. ಆದರೆ ಸ್ಪುಟ್ನಿಕ್ ಹಾರಿದ ಅದೇ 1957ರ ಅಕ್ಟೋಬರ್‌ನಲ್ಲಿ ಭೌತವಿಜ್ಞಾನದ ಪತ್ರಿಕೆಯೊಂದರಲ್ಲಿ ಒಂದು ದೀರ್ಘ ಪ್ರಬಂಧ ಅಚ್ಚಾಯಿತು. ಬರೆದವರು ನಾಲ್ವರು: ಮಾರ್ಗರೆಟ್ ಬರ್ಬಿಜ್, ಜೆಫ್ರಿ ಬರ್ಬಿಜ್, ವಿಲಿಯಂ ಫೌಲರ್, ಫ್ರೆಡ್ ಹಾಯ್ಲ್. ಹೈಡ್ರೋಜನ್, ಹೀಲಿಯಂನಂಥ ಹಗುರ ಧಾತುಗಳನ್ನು ಬಿಟ್ಟರೆ ಉಳಿದವು ಬಹುಮಟ್ಟಿಗೆ ನಕ್ಷತ್ರಗಳ ಒಡಲಲ್ಲಿ ಬೆಂದು, ಅವು ಸಾಯುವಾಗ ಹೊರಗೆ ಚೆಲ್ಲಿದವು ಎಂದು ಅವರು ಹೆಜ್ಜೆ ಹೆಜ್ಜೆಯಾಗಿ ತೋರಿಸಿದರು. ನಮ್ಮ ರಕ್ತದ ಕಬ್ಬಿಣ, ಮೂಳೆಯ ಸುಣ್ಣ, ಅಡುಗೆಯ ಉಪ್ಪು, ಎಲ್ಲ ಆ ಧೂಳು. ಫೌಲರ್ ಇದ್ದದ್ದು ಪ್ಯಾಸಡೀನಾದ ಕ್ಯಾಲ್ಟೆಕ್‌ನಲ್ಲಿ. ಲಾಸ್ ವೇಗಸ್‌ಗೆ ಅಲ್ಲಿಂದ ಕಾರಿನಲ್ಲಿ ಒಂದು ಹಗಲಿನ ದಾರಿ. ಒಂದು ತುದಿಯಲ್ಲಿ ವಿಜ್ಞಾನಿ ಸೀಮೆಸುಣ್ಣ ಹಿಡಿದು ಬರೆಯುತ್ತಿದ್ದದ್ದನ್ನೇ ಇನ್ನೊಂದು ತುದಿಯಲ್ಲಿ ಬೋರ್ಡು ಬರೆಯುವವನು ಏನೂ ತಿಳಿಯದೆ ಬಲ್ಬಿನಲ್ಲಿ ಬರೆಯುತ್ತಿದ್ದ.

ಇನ್ನೂ ಸೋಜಿಗದ್ದು ನಿಯಾನ್. 1898ರಲ್ಲಿ ಲಂಡನ್ನಿನಲ್ಲಿ ರಸಾಯನ ವಿಜ್ಞಾನಿಗಳಾದ ರ‍್ಯಾಮ್ಸೆ ಮತ್ತು ಟ್ರಾವರ್ಸ್, ದ್ರವವಾಗಿಸಿದ ಗಾಳಿಯಿಂದ ಅದನ್ನು ಬೇರೆ ಮಾಡಿ ಗ್ರೀಕಿನಲ್ಲಿ ‘ಹೊಸದು’ ಎಂಬ ಅರ್ಥದ ಹೆಸರಿಟ್ಟರು. ನಾವು ಉಸಿರಾಡುವ ಗಾಳಿಯಲ್ಲಿ ಅದು ಯಾವಾಗಲೂ ಇದೆ, ಲಕ್ಷದಲ್ಲಿ ಸುಮಾರು ಎರಡು ಪಾಲು. ಬೋರ್ಡಿನವರು ಗಾಜಿನ ಕೊಳವೆಯನ್ನು ಉರಿಯಲ್ಲಿ ಕಾಯಿಸಿ, ಕೈಯಲ್ಲೇ ಬಗ್ಗಿಸಿ, ಒಳಗಿನ ಗಾಳಿ ತೆಗೆದು, ಒಂದು ಗುಟುಕು ನಿಯಾನ್ ತುಂಬಿ ಸಾವಿರಾರು ವೋಲ್ಟು ಹರಿಸಿದರೆ ಅದು ಕೆಂಡದ ಬಣ್ಣಕ್ಕೆ ಹೊತ್ತಿಕೊಳ್ಳುತ್ತದೆ. ನೀಲಿ ಬೇಕಾದರೆ ಆರ್ಗಾನ್ ಮತ್ತು ಪಾದರಸ. ಈ ನಿಯಾನ್ ತಯಾರಾದದ್ದು ಎಲ್ಲಿ? ಸೂರ್ಯನಿಗಿಂತ ಬಹಳ ಭಾರದ ನಕ್ಷತ್ರಗಳಲ್ಲಿ, ಹೀಲಿಯಂ ಮುಗಿದು ಇಂಗಾಲವೇ ಉರಿಯತೊಡಗುವ ಹೊತ್ತಿನಲ್ಲಿ. ಅಂದಮೇಲೆ ಆ ಬೋರ್ಡು ಸುಳ್ಳು ಹೇಳುತ್ತಿರಲಿಲ್ಲ. ನಕ್ಷತ್ರದ ಧೂಳು ಎಂಬ ಅಕ್ಷರಗಳ ಒಳಗೆ ಉರಿಯುತ್ತಿದ್ದದ್ದು ನಕ್ಷತ್ರದ ಧೂಳೇ. ಇಡೀ ರಸ್ತೆಯಲ್ಲಿ ಸತ್ಯ ನುಡಿದ ಜಾಹೀರಾತು ಅದೊಂದೇ ಇರಬೇಕು, ಅದೂ ಗೊತ್ತಿಲ್ಲದೆ.

ಆ ಬೆಳಕಿನಿಂದಾಗಿ ಅಲ್ಲಿ ನಿಂತು ತಲೆ ಎತ್ತಿದರೆ ನಿಜವಾದ ನಕ್ಷತ್ರಗಳು ಕಾಣುತ್ತಿರಲಿಲ್ಲ ಎಂಬುದೂ ನಿಜವೇ. ಲಾಸ್ ವೇಗಸ್‌ನ ಬೆಳಕು ಇಂದು ಡೆತ್ ವ್ಯಾಲಿಯ ಕಡುಗತ್ತಲಿನ ಅಂಚಿಗೂ ಒಂದು ಮಬ್ಬು ಗುಮ್ಮಟದಂತೆ ಕಾಣುತ್ತದೆ.

ಆ ಊರಿನ ದಿಗಂತದಲ್ಲಿ ಆಗ ಇನ್ನೊಂದು ಬೆಳಕೂ ಇತ್ತು. ವಾಯವ್ಯಕ್ಕೆ ನೂರು ಕಿಲೋಮೀಟರ್ ದೂರದಲ್ಲಿ, 1951ರ ಜನವರಿಯಿಂದ, ಸರ್ಕಾರ ಅಣುಬಾಂಬು ಸಿಡಿಸಿ ಪರೀಕ್ಷಿಸುತ್ತಿತ್ತು. ಹೋಟೆಲಿನವರು ಅದನ್ನೂ ಮನರಂಜನೆಯ ಪಟ್ಟಿಗೆ ಸೇರಿಸಿದರು. ಜನ ಬೆಳಗಿನ ಜಾವ ಎದ್ದು ಅಣಬೆ ಮೋಡ ನೋಡಿದರು. ಬೋರ್ಡಿನ ಆ ಸಿಡಿದ ಅಕ್ಷರಗಳು ಯಾವುದರ ಸಿಡಿತವೆಂದು ಕೇಳಿದರೆ ಉತ್ತರ ಬರಿಯ ನಕ್ಷತ್ರವಾಗಿರಲಾರದು. ವಿಚಿತ್ರವೆಂದರೆ ನಕ್ಷತ್ರ ವಿಜ್ಞಾನಿಗಳಿಗೂ ಬಾಂಬು ಒಂದು ಸುಳಿವು ಕೊಟ್ಟಿತ್ತು. ಪೆಸಿಫಿಕ್ ಸಾಗರದಲ್ಲಿ ಸಿಡಿಸಿದ ಹೈಡ್ರೋಜನ್ ಬಾಂಬಿನ ಬೂದಿಯಲ್ಲಿ ಸಿಕ್ಕ ಕ್ಯಾಲಿಫೋರ್ನಿಯಂ ಎಂಬ ಧಾತುವಿನ ಒಂದು ರೂಪ ಕ್ಷೀಣಿಸುವ ಗತಿಯೂ, ಸೂಪರ್‌ನೋವಾದ, ಅಂದರೆ ಸಿಡಿದ ನಕ್ಷತ್ರದ, ಬೆಳಕು ಮಂಕಾಗುವ ಗತಿಯೂ ಒಂದೇ ಎಂದು ಅವರಿಗೆ ಹೊಳೆಯಿತು. ಆ ಹೋಲಿಕೆ ಆಮೇಲೆ ಬಿದ್ದುಹೋಯಿತು, ಕಾರಣ ಬೇರೆ ಧಾತುಗಳೆಂದು ತಿಳಿಯಿತು. ಆದರೆ ಭಾರದ ಧಾತುಗಳು ಹೇಗೆ ಹುಟ್ಟುತ್ತವೆ ಎಂದು ಯೋಚಿಸುತ್ತಿದ್ದವರಿಗೆ ಅದು ದಾರಿಯ ಒಂದು ದೀಪವಾಗಿತ್ತು. ದಾನವರು ಕಟ್ಟಿದ ಸಭೆಯಲ್ಲೂ ಕಣ್ಣಿಗೆ ಬೀಳುವಂಥದ್ದು ಇರುತ್ತದೆ.

1968ರ ಹೊತ್ತಿಗೆ ರಸ್ತೆ ಬದಿಗೆ ಹೊಸ ಬೋರ್ಡು ಎದ್ದಿತು, 188 ಅಡಿ ಎತ್ತರ. ಆಡ್-ಆರ್ಟ್ ಕಂಪನಿಯ ಪಾಲ್ ಮಿಲ್ಲರ್ ಅದರ ರೂಪ ಬರೆದವನು. ನೆತ್ತಿಯಲ್ಲಿ ನಕ್ಷತ್ರಗಳ ಗೊಂಚಲು. ಅಲ್ಲಿಂದ ಬಲ್ಬುಗಳು ಒಂದಾದ ಮೇಲೊಂದು ಹೊತ್ತಿ ಆರಿ, ಬೆಳಕು ಹೆಸರಿನ ಮೇಲೆ ಪುಡಿಯಾಗಿ ಉದುರುತ್ತಿತ್ತು. ವಾಸ್ತುಶಿಲ್ಪಿಗಳಾದ ರಾಬರ್ಟ್ ವೆಂಚೂರಿ ಮತ್ತು ಡೆನಿಸ್ ಸ್ಕಾಟ್ ಬ್ರೌನ್ ಅದೇ ವರ್ಷ ಯೇಲ್ ವಿದ್ಯಾರ್ಥಿಗಳನ್ನು ಕಟ್ಟಿಕೊಂಡು ಲಾಸ್ ವೇಗಸ್ ಅಭ್ಯಾಸಕ್ಕೆ ಬಂದರು. ಕಾರಿನ ವೇಗಕ್ಕೆ ಕಟ್ಟಡ ಕಾಣುವುದಿಲ್ಲ, ಬೋರ್ಡೇ ಕಟ್ಟಡ ಎಂಬುದು ಅವರು ಅಲ್ಲಿ ಕಂಡುಕೊಂಡದ್ದು. ಶಿಷ್ಟರು ಮೂಗು ಮುರಿದರು. ನನಗೆ ಆ ಇಬ್ಬರ ಮೇಲೆ ಪ್ರೀತಿ, ನೋಡದೆ ನಗಲಿಲ್ಲವಲ್ಲ ಎಂದು.

ಆಮೇಲಿನದು ಬೇಗ ಮುಗಿಯುವ ಕಥೆ. ಮನುಷ್ಯ ಚಂದ್ರನ ಮೇಲೆ ನಡೆದ. ಅಷ್ಟಾದ ಮೇಲೆ ಬಾಹ್ಯಾಕಾಶ ಹಳೆಯದಾಯಿತು. ಇದೊಂದು ವಿಚಿತ್ರ, ಮುಟ್ಟಿದ ಮೇಲೆ ಮಾಸುವ ಬಣ್ಣ. 1991ರಲ್ಲಿ ಹೋಟೆಲು 32 ಅಂತಸ್ತಿನ ಗೋಪುರ ಎಬ್ಬಿಸಿತು, ಬೋರ್ಡಿನ ಸಿಡಿದ ಅಕ್ಷರಗಳನ್ನು ಇಳಿಸಿ ಹೆಲ್ವೆಟಿಕಾ ಎಂಬ ಸಾದಾ, ಸಂಭಾವಿತ ಅಕ್ಷರಗಳನ್ನು ಕೂರಿಸಿತು. ಬ್ಯಾಂಕಿಗೂ ಆಸ್ಪತ್ರೆಗೂ ಒಪ್ಪುವ ಅಕ್ಷರಗಳು. ಹೆಸರು ನಕ್ಷತ್ರದ ಧೂಳು ಎಂದೇ ಇತ್ತು, ಓದುವಾಗ ಮಾತ್ರ ಏನೂ ಸಿಡಿಯುತ್ತಿರಲಿಲ್ಲ.

2006ರ ನವೆಂಬರ್ 1ರಂದು ಹೋಟೆಲು ಮುಚ್ಚಿತು. 2007ರ ಮಾರ್ಚ್ 13ರಂದು, ರಾತ್ರಿ ಎರಡೂವರೆ ಸುಮಾರಿಗೆ, ಪಟಾಕಿ ಸಿಡಿಸಿ, ಅಂಕಿಗಳನ್ನು ಹಿಂದುಮುಂದಾಗಿ ಎಣಿಸಿ – ರಾಕೆಟ್ ಹಾರಿಸುವವರು ಎಣಿಸುವಂತೆ – ಗೋಪುರವನ್ನು ಕೆಡವಿದರು. ಅದು ಮೇಲಕ್ಕೆ ಹೋಗಲಿಲ್ಲ, ಕುಳಿತಲ್ಲೇ ಕುಸಿಯಿತು. ನೆರೆದವರ ಮೇಲೆ ಧೂಳು ಹಬ್ಬಿತು. ಅಲ್ಲಿ ಕಟ್ಟಬೇಕೆಂದಿದ್ದ ಹೊಸ ಸಂಕೀರ್ಣ ಮರುವರ್ಷದ ಆರ್ಥಿಕ ಕುಸಿತದಲ್ಲಿ ಅರ್ಧಕ್ಕೆ ನಿಂತು ವರ್ಷಗಟ್ಟಲೆ ಕಬ್ಬಿಣದ ಅಸ್ಥಿಪಂಜರವಾಗಿ ನಿಂತಿತ್ತು; ಕಾರ್ನೆರೊನ ಜಾಗಕ್ಕೆ ಅರ್ಧದಲ್ಲಿ ನಿಲ್ಲುವ ಗ್ರಹಚಾರ ಬಿಟ್ಟಿರಲಿಲ್ಲ. 2021ರಲ್ಲಿ ಅಲ್ಲಿ ರೆಸಾರ್ಟ್ಸ್ ವರ್ಲ್ಡ್ ತೆರೆಯಿತು. ಹಳೆಯ ಬೋರ್ಡಿನ ಅಕ್ಷರಗಳು ಈಗ ಅದೇ ಊರಿನ ನಿಯಾನ್ ಮ್ಯೂಸಿಯಮ್ಮಿನ ಅಂಗಳದಲ್ಲಿವೆ.

ಹೋಟೆಲು ಮುಚ್ಚಿದ ಆ ವರ್ಷದ ಆರಂಭದಲ್ಲಿ ನಡೆದದ್ದೊಂದನ್ನು ಹೇಳದೆ ಉಳಿಸಿಕೊಂಡಿದ್ದೇನೆ. ನಾಸಾ 1999ರಲ್ಲಿ ಒಂದು ನೌಕೆಯನ್ನು ಹಾರಿಸಿತ್ತು. 2004ರ ಜನವರಿಯಲ್ಲಿ ವಿಲ್ಟ್-2 ಎಂಬ ಧೂಮಕೇತುವಿನ ಬಳಿ ಹಾದು, ಹೊಗೆಯನ್ನು ಹೆಪ್ಪುಗಟ್ಟಿಸಿದಂತೆ ಕಾಣುವ ಏರೋಜೆಲ್ ಎಂಬ ಹಗುರ ವಸ್ತುವಿನಲ್ಲಿ ಅದರ ಕಣಗಳನ್ನು ಹಿಡಿದಿತ್ತು. ಹಿಡಿದ ಕಣಗಳಲ್ಲಿ ಸೂರ್ಯ ಹುಟ್ಟುವ ಮೊದಲೇ ಬೇರೆ ನಕ್ಷತ್ರಗಳಿಂದ ಬಂದವೂ ಕೆಲವಿದ್ದವು. ನೌಕೆಯ ಹೆಸರು ಸ್ಟಾರ್‌ಡಸ್ಟ್. ಅದರ ಸಣ್ಣ ಪೆಟ್ಟಿಗೆ 2006ರ ಜನವರಿ 15ರ ರಾತ್ರಿ, ಲಾಸ್ ವೇಗಸ್ ಗಡಿಯಾರದಲ್ಲಿ ಎರಡರ ಸುಮಾರಿಗೆ, ಸೆಕೆಂಡಿಗೆ ಸುಮಾರು 12.9 ಕಿಲೋಮೀಟರ್ ವೇಗದಲ್ಲಿ ವಾಯುಮಂಡಲಕ್ಕೆ ನುಗ್ಗಿ, ನೆವಾಡದ ಉತ್ತರದ ಆಕಾಶವನ್ನು ಉರಿಯುತ್ತ ದಾಟಿ, ನೆರೆಯ ಯೂಟಾದ ಮರಳುಗಾಡಿನಲ್ಲಿ ಪ್ಯಾರಾಶೂಟಿನಿಂದ ಇಳಿಯಿತು. ನೂರಾರು ಮೈಲಿ ದಕ್ಷಿಣಕ್ಕೆ, ಕಿಟಕಿಗಳಿಲ್ಲದ ಕೋಣೆಯಲ್ಲಿ ಯಾರೋ ದಾಳ ಉರುಳಿಸುತ್ತಿದ್ದರು. ಹೊರಗೆ ಬೋರ್ಡಿನ ನೆತ್ತಿಯಿಂದ ಬೆಳಕು ಪುಡಿಪುಡಿಯಾಗಿ ಉದುರುತ್ತಲೇ ಇತ್ತು.